ತೆಂಗಿನ ಸೀಮೆಯ ಬಿಸಿಲು, ಗುಡುಗು ಮತ್ತು ಮಳೆಯ ಲೆಕ್ಕ



ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ನೆನಪಿಸಿಕೊಳ್ಳಿ. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಿದೆ. ಎರಡು ಗಂಟೆಯ ಸಮಯ. ತೋಟದಲ್ಲಿ ಒಂದು ಗರಿಯೂ ಅಲುಗಾಡುತ್ತಿಲ್ಲ. ನಾಯಿ ಕೊಟ್ಟಿಗೆಯ ಮೂಲೆಯಲ್ಲಿ ನಾಲಿಗೆ ಚಾಚಿ ಮಲಗಿದೆ. ಮೈಯೆಲ್ಲ ಬೆವರು. ಜಗಲಿಯ ಮೇಲೆ ಕುಳಿತ ತಾತ ಆಕಾಶವನ್ನು ನೋಡಿ, "ಇವತ್ತು ಮಳೆ ಬಂದೇ ಬರುತ್ತೆ ಕಣಪ್ಪ. ಅಂಗಳದಲ್ಲಿ ಹರವಿರೋ ಹುಣಸೆಹಣ್ಣನ್ನ ಒಳಗೆ ಹಾಕು" ಎನ್ನುತ್ತಾರೆ. ನಿಮಗೆ ನಗು ಬರುತ್ತದೆ. ಇಷ್ಟು ಬಿಸಿಲಿದೆ, ಮಳೆ ಎಲ್ಲಿಂದ ಬರಬೇಕು?

ನಾಲ್ಕು ಗಂಟೆಯ ಹೊತ್ತಿಗೆ ಆಕಾಶದ ಒಂದು ಮೂಲೆ ಕಪ್ಪಾಗುತ್ತದೆ. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ನುಗ್ಗುತ್ತದೆ. ಒಣಗಿದ ಗರಿಗಳು ದಪದಪನೆ ಬೀಳುತ್ತವೆ. ಗುಡುಗು, ಮಿಂಚು. ತಗಡಿನ ಮೇಲೆ ಆಲಿಕಲ್ಲಿನ ಸದ್ದು. ಕರೆಂಟು ಹೋಗುತ್ತದೆ. ಒಂದು ಗಂಟೆಯೊಳಗೆ ಎಲ್ಲವೂ ಮುಗಿದು, ಮಣ್ಣಿನ ವಾಸನೆ ಮಾತ್ರ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಇದೇ ಮಾತು. "ಇಂಥ ಬಿಸಿಲು, ಇಂಥ ಗಾಳಿ ನನ್ನ ಜೀವಮಾನದಲ್ಲೇ ಕಂಡಿಲ್ಲ" ಎಂದು ಒಬ್ಬರು. "ನೀನು ಹುಟ್ಟೋಕೆ ಮೊದಲೇ ಇದರಪ್ಪನಂಥ ಬಿಸಿಲು ಬಂದಿತ್ತು, ಸುಮ್ಮನಿರಯ್ಯ" ಎಂದು ಇನ್ನೊಬ್ಬ ಹಿರಿಯರು.

ಇಬ್ಬರಲ್ಲಿ ಯಾರ ಮಾತು ಸರಿ? ಇದನ್ನು ತೀರ್ಮಾನಿಸುವುದು ಹೇಗೆ? ಮೊದಲು ಬಿಸಿಲು ಮತ್ತು ಮಳೆ ಹೇಗೆ ಬರುತ್ತವೆ ಎಂದು ತಿಳಿಯೋಣ. ಆಮೇಲೆ ಅವುಗಳ ಲೆಕ್ಕ ಇಟ್ಟವರು ಯಾರು ಎಂದು ಹುಡುಕೋಣ.

ನೆತ್ತಿಯ ಮೇಲೆ ಸೂರ್ಯ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಮಾರ್ಚ್ 21ರ ಸುಮಾರಿಗೆ ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುತ್ತಾನೆ. ಅಲ್ಲಿಂದ ದಿನದಿನವೂ ಸ್ವಲ್ಪ ಸ್ವಲ್ಪವೇ ಉತ್ತರಕ್ಕೆ ಸರಿದಂತೆ ನಮಗೆ ಕಾಣುತ್ತದೆ. ಏಪ್ರಿಲ್ 24ರಿಂದ 26ರ ಸುಮಾರಿಗೆ ಅವನು ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಆ ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಅದರ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಇದನ್ನು 'ಶೂನ್ಯ ನೆರಳಿನ ದಿನ' ಎನ್ನುತ್ತಾರೆ.

ಸೂರ್ಯನ ಕಿರಣಗಳು ಗಾಳಿಯನ್ನು ನೇರವಾಗಿ ಹೆಚ್ಚು ಕಾಯಿಸುವುದಿಲ್ಲ. ಅವು ಮೊದಲು ನೆಲವನ್ನು ಕಾಯಿಸುತ್ತವೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಅಮ್ಮ ರೊಟ್ಟಿ ಬೇಯಿಸುವಾಗ ಬೆಂಕಿ ಹೆಂಚನ್ನು ಕಾಯಿಸುತ್ತದೆ, ಹೆಂಚು ರೊಟ್ಟಿಯನ್ನು ಬೇಯಿಸುತ್ತದೆ, ಅಲ್ಲವೇ? ಇದೂ ಹಾಗೆಯೇ. ಆದ್ದರಿಂದಲೇ ಸೂರ್ಯ ನೆತ್ತಿಯ ಮೇಲಿರುವ ಹನ್ನೆರಡೂವರೆಗಿಂತ ಎರಡು–ಮೂರು ಗಂಟೆಯ ಹೊತ್ತಿಗೆ ಸೆಕೆ ಹೆಚ್ಚು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸೂರ್ಯ ದಕ್ಷಿಣಕ್ಕೆ ಹಿಂದಿರುಗುವಾಗ ಆಗಸ್ಟ್ 17ರ ಸುಮಾರಿಗೆ ಮತ್ತೊಮ್ಮೆ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆದರೆ ಆಗ ಏಪ್ರಿಲ್‌ನಷ್ಟು ಬಿಸಿಲಿನ ತಾಪ ಇರುವುದಿಲ್ಲ. ಏಕೆ? ಆಗಸ್ಟ್‌ನಲ್ಲಿ ಮೋಡಗಳು ಬಿಸಿಲನ್ನು ತಡೆಯುತ್ತವೆ. ಜೊತೆಗೆ ನೆಲ ಒದ್ದೆಯಾಗಿರುತ್ತದೆ. ಸೂರ್ಯನ ಶಾಖದ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಇದೇ ಕಾರಣದಿಂದ. ಏಪ್ರಿಲ್‌ನಲ್ಲಿ ಕೆರೆ ಬತ್ತಿ, ನೆಲ ಒಣಗಿರುವುದರಿಂದ ಶಾಖವೆಲ್ಲ ನೆಲವನ್ನು ಸುಡುವುದಕ್ಕೇ ಸಿಗುತ್ತದೆ.

ಆದರೂ ರಾಯಚೂರಿಗೆ ಹೋಲಿಸಿದರೆ ನಾವು ಅದೃಷ್ಟವಂತರು. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿಯ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಮ್ಮ ಎತ್ತರವೇ ನಮಗೊಂದು ಕೊಡೆ.

ಗಾಳಿ ಮೊದಲು, ಮಳೆ ಆಮೇಲೆ

ಈಗ ತಾತನ ಮಾತಿಗೆ ಬರೋಣ. ಬಿಸಿಲು ಹೆಚ್ಚಿದ ದಿನವೇ ಮಳೆ ಬರುವುದೇಕೆ?

ಕಾದ ಗಾಳಿ ಹಗುರ. ಅದು ಮೇಲೇರುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ ನೀರಾವಿಯನ್ನು ಹೊತ್ತು ಒಳನಾಡಿಗೆ ಬರುತ್ತದೆ. ನಿಮ್ಮ ಮೈ ಬೆವರಿನಿಂದ ಅಂಟಂಟಾಗುತ್ತದಲ್ಲ, ಗಾಳಿಯಲ್ಲಿ ತೇವಾಂಶ ಹೆಚ್ಚಿದೆ ಎಂಬುದಕ್ಕೆ ಅದೇ ಗುರುತು. ತಾತ ಮಳೆಯನ್ನು ಊಹಿಸಿದ್ದು ಈ ಗುರುತಿನಿಂದಲೇ.

ನೀರಾವಿಯ ಗಾಳಿ ಮೇಲೇರಿದಂತೆ ತಣ್ಣಗಾಗುತ್ತದೆ. ಆವಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಅದೇ ಮೋಡ. ಆವಿ ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಹೊರಗೆ ಬಿಡುತ್ತದೆ. ಆ ಶಾಖ ಮೋಡದೊಳಗಿನ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಮೋಡ ಹೂಕೋಸಿನ ಹಾಗೆ ಉಬ್ಬುತ್ತಾ 12 ಕಿಲೋಮೀಟರಿಗಿಂತಲೂ ಎತ್ತರಕ್ಕೆ ಬೆಳೆಯಬಲ್ಲದು. ಎವರೆಸ್ಟ್ ಶಿಖರದ ಎತ್ತರ ಒಂಬತ್ತು ಕಿಲೋಮೀಟರಿಗಿಂತ ಕಡಿಮೆ ಎಂಬುದನ್ನು ನೆನಪಿಡಿ!

ಸುಮಾರು ಐದು ಕಿಲೋಮೀಟರ್ ಮೇಲಕ್ಕೆ ಹೋದರೆ, ನಮ್ಮ ಕಡುಬೇಸಿಗೆಯಲ್ಲೂ ಉಷ್ಣಾಂಶ ಸೊನ್ನೆ ಡಿಗ್ರಿಗೆ ಇಳಿದಿರುತ್ತದೆ. ಅಲ್ಲಿಂದ ಮೇಲೆ ಮಂಜುಗಡ್ಡೆಯ ಹರಳುಗಳು ಹುಟ್ಟುತ್ತವೆ. ಮೇಲೇರುವ ಗಾಳಿ ಅವನ್ನು ಕೆಳಗೆ ಬೀಳಲು ಬಿಡದೆ ಎತ್ತಿ ಹಿಡಿಯುತ್ತದೆ. ಅವುಗಳ ಮೇಲೆ ನೀರು ಅಂಟಿ, ಹೆಪ್ಪುಗಟ್ಟಿ, ಪದರದ ಮೇಲೆ ಪದರ ಬೆಳೆಯುತ್ತದೆ. ಗಾಳಿಗೆ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತವೆ. ಅವೇ ಆಲಿಕಲ್ಲು. ದೊಡ್ಡ ಆಲಿಕಲ್ಲೊಂದು ಸಿಕ್ಕಿದರೆ ಒಡೆದು ನೋಡಿ. ಈರುಳ್ಳಿಯಲ್ಲಿರುವಂಥ ಪದರಗಳು ಕಾಣಬಹುದು.

ಮಳೆ ಮತ್ತು ಆಲಿಕಲ್ಲು ಬೀಳುವಾಗ ತಣ್ಣನೆಯ ಭಾರವಾದ ಗಾಳಿಯನ್ನೂ ತಮ್ಮ ಜೊತೆ ಕೆಳಗೆ ಎಳೆದು ತರುತ್ತವೆ. ಆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ನೆಲಕ್ಕೆ ಸುರಿದ ಬಿಂದಿಗೆ ನೀರು ಹರಡುವುದಿಲ್ಲವೇ, ಹಾಗೆ. ಹರಡುವ ಗಾಳಿ ಮಳೆಗಿಂತ ಮುಂದೆ ಓಡುತ್ತದೆ. ಆದ್ದರಿಂದಲೇ ಗಾಳಿ ಮೊದಲು, ಮಳೆ ಆಮೇಲೆ. ಫಸಲು ತುಂಬಿ ತಲೆಭಾರವಾದ ತೆಂಗಿನ ಮರಗಳ ಸುಳಿ ಮುರಿಯುವುದು, ಬುಡಸಮೇತ ಉರುಳುವುದು ಈ ಗಾಳಿಗೇ.

ಇಂಥ ಒಂದು ಮೋಡ ಕೆಲವೇ ಕಿಲೋಮೀಟರ್ ಅಗಲವಿರುತ್ತದೆ. ಆದ್ದರಿಂದ ನೊಣವಿನಕೆರೆಯಲ್ಲಿ ಕಾಲುವೆ ಹರಿಯುವಷ್ಟು ಮಳೆಯಾದ ದಿನ ಹುಳಿಯಾರಿನಲ್ಲಿ ಒಂದು ಹನಿಯೂ ಬೀಳದೆ ಇರಬಹುದು. ಒಂದೇ ಊರಿನ ಒಂದು ತೋಟ ನೆನೆದು, ಕೆರೆಯಾಚೆಯ ತೋಟ ಒಣಗಿಯೇ ಉಳಿಯಬಹುದು. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಸಿಡಿಲು ಮತ್ತು ತೆಂಗಿನ ಮರ

ಮೋಡದೊಳಗೆ ಮಂಜುಗಡ್ಡೆಯ ಹರಳುಗಳು ಒಂದಕ್ಕೊಂದು ಉಜ್ಜಿ ವಿದ್ಯುತ್ ಆವೇಶ ಹುಟ್ಟುತ್ತದೆ. ಅದು ನೆಲಕ್ಕೆ ಹರಿದಾಗ ಸಿಡಿಲು. ಸಿಡಿಲು ಹಾಯುವ ದಾರಿಯಲ್ಲಿ ಗಾಳಿಯ ಉಷ್ಣಾಂಶ ಕ್ಷಣಮಾತ್ರ ಸುಮಾರು 30,000 ಡಿಗ್ರಿಗೆ ಏರುತ್ತದೆ. ಇದು ಸೂರ್ಯನ ಮೇಲ್ಮೈಯ ಉಷ್ಣಾಂಶದ ಐದು ಪಟ್ಟು. ಅಷ್ಟು ಬಿಸಿಯಾದ ಗಾಳಿ ಥಟ್ಟನೆ ಹಿಗ್ಗುವಾಗ ಬರುವ ಶಬ್ದವೇ ಗುಡುಗು.

ಸಿಡಿಲು ಸಾಮಾನ್ಯವಾಗಿ ಎತ್ತರದ ವಸ್ತುವನ್ನು ಹುಡುಕುತ್ತದೆ. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು? ತೆಂಗಿನ ಮರ! ಸಿಡಿಲು ಬಡಿದು ಸುಳಿ ಸುಟ್ಟ ಮರವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ತೆಂಗಿಗೆ ಇರುವುದು ಒಂದೇ ಸುಳಿ. ಅದು ಸತ್ತರೆ ಮರ ಮತ್ತೆ ಚಿಗುರುವುದಿಲ್ಲ.

ಆದ್ದರಿಂದ ಗುಡುಗು ಕೇಳಿದ ಕೂಡಲೇ ತೋಟದಿಂದ ಹೊರಟು ಮನೆ ಅಥವಾ ಶಾಲೆಯೊಳಗೆ ಸೇರಿಕೊಳ್ಳಿ. ಮರದ ಕೆಳಗೆ ನಿಲ್ಲಲೇಬೇಡಿ. ಕೆರೆಯ ನೀರಿನಲ್ಲಿ, ಬಯಲಿನಲ್ಲಿ, ತಂತಿಬೇಲಿಯ ಪಕ್ಕದಲ್ಲಿ ಇರಬೇಡಿ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಬಿದ್ದ ಕಾಯಿ ಆಯಲು, ಆಲಿಕಲ್ಲು ಹೆಕ್ಕಲು ಆಮೇಲೆಯೂ ಸಮಯವಿದೆ.

ನೆನಪಿನ ಲೆಕ್ಕ

ಈಗ ಅರಳಿಕಟ್ಟೆಯ ವಾದಕ್ಕೆ ಹಿಂದಿರುಗೋಣ.

ನಮ್ಮ ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಯಲ್ಲಿ ಭರಣಿ, ಮೇ ತಿಂಗಳಲ್ಲಿ ಕೃತ್ತಿಕೆ, ಆಮೇಲೆ ರೋಹಿಣಿ. ವರ್ಷಕ್ಕೆ 27 ನಕ್ಷತ್ರಗಳು, ಒಂದೊಂದಕ್ಕೆ ಹದಿಮೂರು–ಹದಿನಾಲ್ಕು ದಿನ. ಯಾವ ಮಳೆಗೆ ಉಳುಮೆ, ಯಾವ ಮಳೆಗೆ ಬಿತ್ತನೆ ಎಂಬ ತಲೆಮಾರುಗಳ ಅನುಭವ ಈ ಪಂಚಾಂಗದಲ್ಲಿ ಸೇರಿದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆಯನ್ನು ನೀವು ಕೇಳಿರಬಹುದು.

ಆದರೆ ನೆನಪಿಗೆ ಒಂದು ಮಿತಿಯಿದೆ. ಅಜ್ಜಿಯನ್ನು ಕೇಳಿ ನೋಡಿ. "ನಿಮ್ಮಪ್ಪನ ನಾಮಕರಣದ ದಿನ ಚಪ್ಪರ ಹಾರಿಹೋಗೋ ಹಾಗೆ ಗಾಳಿ ಬಂತು" ಎನ್ನುತ್ತಾರೆ. ಅದರ ಹಿಂದಿನ ವರ್ಷ ಎಷ್ಟು ಮಳೆಯಾಯಿತು ಎಂದು ಕೇಳಿದರೆ ನೆನಪಿರುವುದಿಲ್ಲ. ನಮ್ಮ ಮನಸ್ಸು ದೊಡ್ಡ ಘಟನೆಗಳನ್ನು ಉಳಿಸಿಕೊಂಡು ಸಾಧಾರಣ ದಿನಗಳನ್ನು ಮರೆತುಬಿಡುತ್ತದೆ. ಹವಾಮಾನವನ್ನು ತಿಳಿಯಲು ಸಾಧಾರಣ ದಿನಗಳ ಲೆಕ್ಕವೂ ಬೇಕು.

ಕಾಗದದ ಮೇಲಿನ ಲೆಕ್ಕ

1864ರಲ್ಲಿ ಕಲ್ಕತ್ತ ನಗರಕ್ಕೆ ಭಾರಿ ಚಂಡಮಾರುತ ಅಪ್ಪಳಿಸಿತು. 1866 ಮತ್ತು 1871ರಲ್ಲಿ ಮುಂಗಾರು ಮಳೆ ಕೈಕೊಟ್ಟಿತು. ದೇಶದ ಎಲ್ಲ ಕಡೆ ಒಂದೇ ಕ್ರಮದಲ್ಲಿ ಹವಾಮಾನದ ಲೆಕ್ಕ ಇಡಬೇಕು ಎಂಬುದು ಆಗ ಮನವರಿಕೆಯಾಯಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಮರುವರ್ಷವೇ ದಕ್ಷಿಣ ಭಾರತದಲ್ಲಿ ಘೋರ ಬರಗಾಲ ಬಂತು. 1876ರಿಂದ 1878ರವರೆಗಿನ ಈ ಬರವನ್ನು ನಮ್ಮವರು ಆ ಸಂವತ್ಸರಗಳ ಹೆಸರಿನಿಂದ 'ಧಾತು–ಈಶ್ವರ ಬರ' ಎಂದು ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರ ಗಣತಿಯಲ್ಲಿ ಉಳಿದದ್ದು ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಜನಸಂಖ್ಯೆ ಹೆಚ್ಚುವ ಬದಲು ಎಂಟು ಲಕ್ಷ ಕಡಿಮೆಯಾಯಿತು. ಮಳೆಯ ಲೆಕ್ಕ ಎಂದರೆ ಬರಿಯ ಅಂಕಿಗಳಲ್ಲ, ಜೀವದ ಲೆಕ್ಕ ಎಂಬುದು ಇದರಿಂದ ತಿಳಿಯುತ್ತದೆ.

ಮುಂದೆ ಮೈಸೂರು ಸಂಸ್ಥಾನ ತನ್ನದೇ ಆದ ಹವಾಮಾನ ವೀಕ್ಷಣೆಯನ್ನು ಆರಂಭಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರು ಇದರ ಹೊಣೆ ಹೊತ್ತರು. ಬೆಂಗಳೂರು, ಮೈಸೂರು, ಹಾಸನ ಮತ್ತು ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಿದ್ದವು. 1893ರ ವರ್ಷದ ವೀಕ್ಷಣೆಗಳನ್ನು ಅವರು ಪುಸ್ತಕವಾಗಿ ಪ್ರಕಟಿಸಿದರು. ಭೂಪಟ ತೆರೆದು ನೋಡಿ. ನಮ್ಮ ತೆಂಗಿನ ಸೀಮೆ ಹಾಸನಕ್ಕೂ ಚಿತ್ರದುರ್ಗಕ್ಕೂ ನಡುವೆ ಬರುತ್ತದೆ.

ಉಷ್ಣಾಂಶ ಅಳೆಯುವ ವೀಕ್ಷಣಾಲಯಗಳು ಕೆಲವೇ ಇದ್ದರೂ, ಮಳೆ ಅಳೆಯುವ ಕೆಲಸ ತಾಲ್ಲೂಕುಗಳಲ್ಲೂ ನಡೆಯಿತು. ಅದಕ್ಕೆ ಬಳಸುವ ಹಳೆಯ ಮಾದರಿಯ ಸಾಧನವೇ ಸೈಮನ್ಸ್ ಮಳೆಮಾಪಕ. ಅದರ ಬಾಯಿಯ ಅಗಲ 127 ಮಿಲಿಮೀಟರ್, ಅಂದರೆ ಐದು ಅಂಗುಲ. ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಬಾಯಿ ಇರುತ್ತದೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ಒಳಗೆ ಸೇರಿದ ನೀರನ್ನು ಅಳತೆಯ ಗಾಜಿಗೆ ಸುರಿದು ಓದಿ ಬರೆಯಬೇಕು. ಮಳೆ ಬಾರದ ದಿನವೂ 'ಸೊನ್ನೆ' ಎಂದು ಬರೆಯಬೇಕು. ಅಂದು ಯಾರೋ ಒಬ್ಬರು ಹಬ್ಬದ ದಿನವೂ ಬಂದು ಬರೆದ ಆ ಸೊನ್ನೆಗಳಿಂದಲೇ ಇಂದು ನಮಗೆ ಹಳೆಯ ಬರಗಳ ಚಿತ್ರ ಸಿಗುತ್ತದೆ.

ಹಳೆಯ ಲೆಕ್ಕ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನ ಅಷ್ಟು ಮಳೆ 133 ವರ್ಷಗಳಿಂದ ಆಗಿರಲಿಲ್ಲ. ಇದು ಗೊತ್ತಾದದ್ದು ಹೇಗೆ? 1891ರ ಜೂನ್ 16ರಂದು 101.6 ಮಿಲಿಮೀಟರ್ ಮಳೆಯಾಗಿತ್ತು ಎಂದು ಯಾರೋ ಬರೆದಿಟ್ಟಿದ್ದರಿಂದ!

ಓದಿದ್ದು ತಪ್ಪಾದರೆ?

ಬರೆದದ್ದೆಲ್ಲ ಸರಿಯೇ? ಅದನ್ನೂ ಪರೀಕ್ಷಿಸಬೇಕು.

ಲಿಬಿಯಾ ದೇಶದ ಎಲ್ ಅಜೀಜಿಯಾ ಎಂಬಲ್ಲಿ 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ ಉಷ್ಣಾಂಶ ದಾಖಲಾಯಿತು. ತೊಂಬತ್ತು ವರ್ಷಗಳ ಕಾಲ ಇಡೀ ಜಗತ್ತು ಅದನ್ನೇ ಭೂಮಿಯ ಅತಿ ಹೆಚ್ಚಿನ ಉಷ್ಣಾಂಶ ಎಂದು ಪಠ್ಯಪುಸ್ತಕಗಳಲ್ಲಿ ಓದಿತು. ಆಮೇಲೆ ವಿಜ್ಞಾನಿಗಳು ಹಳೆಯ ಹಾಳೆಗಳನ್ನು ತೆಗೆದು ನೋಡಿದರು. ಅಂದು ಉಷ್ಣತಾಮಾಪಕವನ್ನು ಓದಿದವರಿಗೆ ಅದರ ಅಭ್ಯಾಸವಿರಲಿಲ್ಲ; ಸುಮಾರು ಏಳು ಡಿಗ್ರಿ ಹೆಚ್ಚು ಓದಿರುವ ಸಾಧ್ಯತೆ ಇದೆ ಎಂದು ತಿಳಿಯಿತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಆ ದಾಖಲೆಯನ್ನು ರದ್ದು ಮಾಡಿತು. ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿಗೆ ಮೊದಲ ಸ್ಥಾನ ಸಿಕ್ಕಿತು.

ಯಂತ್ರಗಳೂ ತಪ್ಪುತ್ತವೆ. 2024ರ ಮೇ ತಿಂಗಳಲ್ಲಿ ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ಪರೀಕ್ಷಿಸಿದಾಗ ಆ ಯಂತ್ರ ಸುಮಾರು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿದ್ದುದು ಪತ್ತೆಯಾಯಿತು.

ಆದ್ದರಿಂದಲೇ ಅಳತೆಗೆ ನಿಯಮಗಳಿವೆ. ಉಷ್ಣತಾಮಾಪಕವನ್ನು ಬಿಸಿಲಿನಲ್ಲಿ ಇಡುವಂತಿಲ್ಲ. ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಇಡಬೇಕು. ಇದರ ಹೆಸರು ಸ್ಟೀವನ್‌ಸನ್ ಪೆಟ್ಟಿಗೆ. ಮೊಬೈಲನ್ನೋ ಉಷ್ಣತಾಮಾಪಕವನ್ನೋ ಬಿಸಿಲಿಗೆ ಹಿಡಿದು "ನಮ್ಮೂರಲ್ಲಿ 48 ಡಿಗ್ರಿ!" ಎಂದು ಯಾರಾದರೂ ಹೇಳಿದರೆ, "ಎಲ್ಲಿಟ್ಟು ಅಳೆದಿರಿ?" ಎಂದು ನೀವು ಕೇಳಬೇಕು.

ಮರ ಇಟ್ಟ ಲೆಕ್ಕ

ನಿಮ್ಮ ತೋಟದಲ್ಲೇ ಲೆಕ್ಕ ಬರೆಯುವ ಇನ್ನೊಬ್ಬರಿದ್ದಾರೆ. ಅದು ತೆಂಗಿನ ಮರ.

ಮರದ ಬೊಡ್ಡೆಯ ಮೇಲೆ ಬಳೆಗಳಂಥ ಗುರುತುಗಳಿವೆ. ಒಂದೊಂದು ಗುರುತೂ ಒಂದೊಂದು ಗರಿ ಕಳಚಿದ ಜಾಗ. ಚೆನ್ನಾಗಿ ಬೆಳೆದ ಎತ್ತರದ ತಳಿಯ ಮರ ವರ್ಷಕ್ಕೆ ಸುಮಾರು ಹನ್ನೆರಡರಿಂದ ಹದಿನಾಲ್ಕು ಗರಿ ಬಿಡುತ್ತದೆ. ನೀರು, ಗೊಬ್ಬರ ಸಾಲದ ವರ್ಷಗಳಲ್ಲಿ ಗರಿಗಳು ಕಡಿಮೆಯಾಗುತ್ತವೆ, ಬೊಡ್ಡೆ ಸಣ್ಣಗಾಗುತ್ತದೆ. ಬೇವು, ಹುಣಸೆ ಮರಗಳಂತೆ ತೆಂಗಿನ ಬೊಡ್ಡೆ ಆಮೇಲೆ ದಪ್ಪವಾಗುವುದಿಲ್ಲ. ಕಷ್ಟದ ವರ್ಷದಲ್ಲಿ ಸಣ್ಣಗಾದ ಸೊಂಟ ಹಾಗೆಯೇ ಉಳಿಯುತ್ತದೆ. ಹಳೆಯ ಮರಗಳನ್ನು ಗಮನಿಸಿ. ಯಾವ ಎತ್ತರದಲ್ಲಿ ಬೊಡ್ಡೆ ಸಣ್ಣಗಾಗಿದೆ? ಅಕ್ಕಪಕ್ಕದ, ಒಂದೇ ವಯಸ್ಸಿನ ಮರಗಳಲ್ಲೂ ಹಾಗೆಯೇ ಇದೆಯೇ?

ಇನ್ನೊಂದು ಆಶ್ಚರ್ಯದ ಸಂಗತಿ ಕೇಳಿ. ಹೊಂಬಾಳೆಯ ಎಳೆಯ ಕುಡಿ ಸುಳಿಯೊಳಗೆ ಮೂಡಿದಂದಿನಿಂದ, ಅದು ಹೊರಬಂದು, ಅರಳಿ, ಹರಳು ಕಟ್ಟಿ, ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಅಂದರೆ ಮೂರೂವರೆ ವರ್ಷಕ್ಕಿಂತ ಹೆಚ್ಚು! ಇಂದು ನೀವು ಕೀಳುವ ಕಾಯಿ ಹಿಂದಿನ ಮೂರು ಬೇಸಿಗೆಗಳ ಬಿಸಿಲನ್ನು ಉಂಡು ಬಂದಿದೆ. ಬರಗಾಲ ಬಂದ ವರ್ಷ ಹರಳು ಉದುರುತ್ತದೆ. ಮಳೆ ಚೆನ್ನಾಗಿ ಬಂದ ಮುಂದಿನ ವರ್ಷಗಳಲ್ಲೂ ಗೊನೆ ತೆಳ್ಳಗೇ ಇರುತ್ತದೆ. "ಈ ವರ್ಷ ಮಳೆ ಚೆನ್ನಾಗಾಯಿತಲ್ಲ, ಕಾಯಿ ಏಕೆ ಕಡಿಮೆ?" ಎಂದು ಅಪ್ಪ ಚಿಂತೆ ಮಾಡುವಾಗ ಉತ್ತರ ಹಿಂದಿನ ವರ್ಷಗಳ ಮಳೆಯ ಲೆಕ್ಕದಲ್ಲಿರುತ್ತದೆ. ತಿಪಟೂರಿನ ಮಾರುಕಟ್ಟೆಗೆ ಉಂಡೆ ಕೊಬ್ಬರಿಯಾಗಿ ಹೋಗುವ ಕಾಯಿ ಅಟ್ಟದ ಮೇಲೆ ಮತ್ತೆ ಹತ್ತು–ಹನ್ನೊಂದು ತಿಂಗಳು ಕಾಯಬೇಕು. ಒಂದು ಕೆಟ್ಟ ಬೇಸಿಗೆಯ ಪೆಟ್ಟು ಮನೆಯ ಜೇಬಿಗೆ ತಟ್ಟಲು ಅಷ್ಟು ಕಾಲ ಹಿಡಿಯುತ್ತದೆ.

ಹಾಗಾದರೆ ಯಾರ ಮಾತು ಸರಿ?

ಬೆಂಗಳೂರಿನ ಲೆಕ್ಕ ನೋಡೋಣ. 1931ರ ಮೇ ತಿಂಗಳಲ್ಲಿ ಅಲ್ಲಿ 38.9 ಡಿಗ್ರಿ ದಾಖಲಾಗಿತ್ತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಗೆ ಏರಿತು. ಎಂಬತ್ತೈದು ವರ್ಷಗಳ ನಡುವೆ ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ. ಹಿಂದೆಯೂ ಸುಡುವ ದಿನಗಳಿದ್ದವು ಎಂಬ ಹಿರಿಯರ ಮಾತು ಸುಳ್ಳಲ್ಲ.

ಆದರೆ ಒಂದು ದಿನ, ಒಂದು ಬೇಸಿಗೆ ನೋಡಿ ತೀರ್ಮಾನ ಹೇಳಬಾರದು. ವಿಜ್ಞಾನಿಗಳು ಕನಿಷ್ಠ 30 ವರ್ಷಗಳ ಸರಾಸರಿಯನ್ನು ಹೋಲಿಸುತ್ತಾರೆ. ಹಾಗೆ ಹೋಲಿಸಿದಾಗ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿರುವುದು ಕಂಡುಬಂದಿದೆ. ಇಡೀ ಜಗತ್ತಿನ ಲೆಕ್ಕದಲ್ಲಿ ಅಳತೆ ಆರಂಭವಾದಾಗಿನಿಂದ 2024 ಅತ್ಯಂತ ಬಿಸಿಯಾದ ವರ್ಷ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿ ನಾವು ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡ್ ಇದಕ್ಕೆ ಮುಖ್ಯ ಕಾರಣ. ಸರಾಸರಿ ಸ್ವಲ್ಪವೇ ಏರಿದರೂ ಸುಡುವ ದಿನಗಳ ಸಂಖ್ಯೆ ಹೆಚ್ಚುತ್ತದೆ. ಆದ್ದರಿಂದ "ಬಿಸಿಲು ಹೆಚ್ಚುತ್ತಿದೆ" ಎಂದವರ ಮಾತೂ ಸುಳ್ಳಲ್ಲ. ಅರಳಿಕಟ್ಟೆಯ ಇಬ್ಬರೂ ಒಂದೊಂದು ತುಂಡು ಸತ್ಯ ಹೇಳಿದರು. ಅವೆರಡನ್ನೂ ಸೇರಿಸಿದ್ದು ಬರೆದಿಟ್ಟ ಲೆಕ್ಕ.

ಈ ಲೆಕ್ಕ ಇಂದಿಗೂ ನಮ್ಮ ಊಟದ ಪ್ರಶ್ನೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಘೋಷಣೆಗೆ ಮೊದಲು ನೋಡುವುದು ಮಳೆಯ ಕೊರತೆ ಎಷ್ಟು, ಎಷ್ಟು ವಾರ ಮಳೆ ಬಂದಿಲ್ಲ ಎಂಬ ಅಂಕಿಗಳನ್ನು. ಒಂದೊಂದು ಮೋಡ ಒಂದೊಂದು ಊರಿಗೆ ಮಾತ್ರ ಸುರಿಯುವುದರಿಂದ ತಾಲ್ಲೂಕಿಗೊಂದು ಮಳೆಮಾಪಕ ಸಾಲದು. ಅದಕ್ಕಾಗಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಅಳವಡಿಸಿದೆ. ಅವು 15 ನಿಮಿಷಕ್ಕೊಮ್ಮೆ ತಾವಾಗಿಯೇ ಅಳತೆ ಕಳುಹಿಸುತ್ತವೆ. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಹುಡುಕಿ. ಅದನ್ನು ಮುಟ್ಟಬೇಡಿ, ಅದರ ಮೇಲೆ ಬಟ್ಟೆ ಒಣಹಾಕಬೇಡಿ, ಕಲ್ಲು ಎಸೆಯಬೇಡಿ. ಅದು ತಪ್ಪು ಲೆಕ್ಕ ಕೊಟ್ಟರೆ ನಷ್ಟ ನಿಮ್ಮೂರಿನ ರೈತರಿಗೇ.

ಮಾಡಿ ನೋಡಿ: ಶಾಲೆಯ ಮಳೆಮಾಪಕ

ಬೇಕಾಗುವ ವಸ್ತುಗಳು: ಬುಡದಿಂದ ಮೇಲಿನವರೆಗೆ ಒಂದೇ ಅಗಲವಿರುವ ಪ್ಲಾಸ್ಟಿಕ್ ಬಾಟಲಿ, ಅಳತೆಪಟ್ಟಿ, ಸ್ವಲ್ಪ ಸಿಮೆಂಟು ಅಥವಾ ಅಂಟುಮಣ್ಣು, ಒಂದು ನೋಟ್‌ಪುಸ್ತಕ.

1. ದೊಡ್ಡವರ ಸಹಾಯದಿಂದ ಬಾಟಲಿಯ ಮೇಲಿನ ಕಾಲುಭಾಗ ಕತ್ತರಿಸಿ. ಆ ತುಂಡನ್ನು ತಲೆಕೆಳಗಾಗಿ, ಆಲಿಕೆಯಂತೆ ಬಾಟಲಿಯೊಳಗೆ ಕೂರಿಸಿ. ಇದರಿಂದ ಒಳಗಿನ ನೀರು ಬೇಗ ಆವಿಯಾಗುವುದಿಲ್ಲ.
2. ಬಾಟಲಿಯ ತಳ ಉಬ್ಬುತಗ್ಗಾಗಿದ್ದರೆ ಸಿಮೆಂಟು ಅಥವಾ ಅಂಟುಮಣ್ಣು ತುಂಬಿ ಸಮಮಾಡಿ ಒಣಗಿಸಿ. ಆ ಸಮತಲದಿಂದ ಮೇಲಕ್ಕೆ ಮಿಲಿಮೀಟರ್ ಗುರುತು ಮಾಡಿ.
3. ಬಯಲಿನಲ್ಲಿ, ಗಾಳಿಗೆ ಉರುಳದಂತೆ ನಿಲ್ಲಿಸಿ. ಮರವಾಗಲಿ ಗೋಡೆಯಾಗಲಿ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರವಿರಲಿ. ಗರಿಯಿಂದ ತೊಟ್ಟಿಕ್ಕುವ ನೀರು ಸೇರಿದರೆ ಲೆಕ್ಕ ತಪ್ಪುತ್ತದೆ.
4. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ಬರೆದು, ನೀರನ್ನು ಚೆಲ್ಲಿ. ಮಳೆ ಇಲ್ಲದಿದ್ದರೆ 0 ಎಂದು ಬರೆಯಿರಿ. ಹವಾಮಾನ ಇಲಾಖೆಯವರು ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಮಾತ್ರ 'ಮಳೆಯ ದಿನ' ಎಂದು ಎಣಿಸುತ್ತಾರೆ.
5. ರಜೆಯಲ್ಲಿ ಶಾಲೆಯ ಹತ್ತಿರದ ಮನೆಯವರು ಸರದಿಯಂತೆ ಓದಲಿ. ಗುಡುಗು ಮಳೆ ಬರುವುದೇ ರಜೆಯಲ್ಲಿ!

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆ ಬಂದ ದಿನ ಒಂದು ಎಕರೆ ತೋಟಕ್ಕೆ ಬಿದ್ದ ನೀರು 40 ಸಾವಿರ ಲೀಟರಿಗಿಂತ ಹೆಚ್ಚು. ಕೊಳವೆಬಾವಿಯಿಂದ ಅಷ್ಟು ನೀರೆತ್ತಲು ಮೋಟಾರು ಎಷ್ಟು ಹೊತ್ತು ಓಡಬೇಕು ಎಂದು ಮನೆಯಲ್ಲಿ ಕೇಳಿ.

ಮೊದಲ ವರ್ಷ ನಿಮ್ಮ ಪುಸ್ತಕದಿಂದ ಹೆಚ್ಚೇನೂ ತಿಳಿಯದು. ಐದು ವರ್ಷವಾದರೆ ಹೋಲಿಸಬಹುದು. ನೀವು ಏಳನೆಯ ತರಗತಿ ಮುಗಿಸಿ ಹೋಗುವಾಗ ಪುಸ್ತಕವನ್ನು ಐದನೆಯ ತರಗತಿಯವರ ಕೈಗೆ ಕೊಡಿ. ಅವರು ಅವರ ಮುಂದಿನವರಿಗೆ ಕೊಡಲಿ. ಮೂವತ್ತು ವರ್ಷಗಳ ನಂತರ ಅರಳಿಕಟ್ಟೆಯಲ್ಲಿ ಇದೇ ವಾದ ಎದ್ದಾಗ, ಯಾರೋ ಒಬ್ಬ ಹುಡುಗಿ ಓಡಿಹೋಗಿ ಆ ಪುಸ್ತಕ ತಂದು, ನಿಮ್ಮ ಕೈಬರಹದ ಪುಟ ತೆರೆದು ಓದಲಿ.

ಯೋಚಿಸಿ, ಉತ್ತರಿಸಿ

1. ಬಾಯಿ ಅಗಲವಾದ ಬಾಟಲಿಗೆ ಹೆಚ್ಚು ನೀರು ಬೀಳುತ್ತದೆ. ಆದರೂ ಒಂದೇ ಅಗಲದ ಯಾವ ಬಾಟಲಿ ಇಟ್ಟರೂ ನೀರಿನ ಮಟ್ಟ ಒಂದೇ ಇರುತ್ತದೆ. ಏಕೆ?
2. ಮಿಂಚು ಕಂಡು 12 ಸೆಕೆಂಡುಗಳ ನಂತರ ಗುಡುಗು ಕೇಳಿಸಿತು. ಸಿಡಿಲು ಎಷ್ಟು ದೂರದಲ್ಲಿದೆ? ಆಗ ನೀವು ಏನು ಮಾಡಬೇಕು?
3. ನಿಮ್ಮ ಮನೆಯ ಹಿರಿಯರಿಗೆ ನೆನಪಿರುವ ಅತಿ ದೊಡ್ಡ ಗಾಳಿಮಳೆ ಯಾವ ವರ್ಷದ್ದು? ಅದು ಯಾವ ಘಟನೆಯ ಜೊತೆ ನೆನಪಿನಲ್ಲಿ ಉಳಿದಿದೆ ಎಂದು ಕೇಳಿ ಬರೆಯಿರಿ.